ಸ್ವರ ಸಂದೇಹ: ಹಾಡುವವರು, ಜೊತೆಗೆ ನುಡಿಸುವವರು

ಹೋದ ತಿಂಗಳು ಈ ಅಂಕಣದಲ್ಲಿ ಒಪೆರಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಿಂದ ಬಂದಿವೆ. ಕೆಲವರು ಮಕ್ಕಳ ಭವಿಷ್ಯದ ಬಗ್ಗೆ ಕೇಳಿದ್ದಾರೆ, ಕೆಲವರು ಸುಮ್ನೆ ಕುತೂಹಲಕ್ಕೆ. ಚಿಕ್ಕಮಗಳೂರಿನಲ್ಲಿ ಮೂವತ್ತೆಂಟು ವರ್ಷದಿಂದ ಪಿಯಾನೊ ಹೇಳಿಕೊಡುತ್ತಿದ್ದೇನೆ. ಹಾಡುವವರ ಜೊತೆ ನುಡಿಸಲು ಶುರು ಮಾಡಿದ್ದು ಅದಕ್ಕೂ ಮುಂಚೆ. ನನಗೆ ತುಂಬಾ ಹತ್ತಿರದ ವಿಷಯ ಇದು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೆ.

ಪ್ರಶ್ನೆ: ಮೇಡಂ, ನನ್ನ ಮಗಳು ದ್ವಿತೀಯ ಪಿಯುಸಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತಿದ್ದಾಳೆ. ಒಂದು ವರ್ಷದಿಂದ ಯೂಟ್ಯೂಬಿನಲ್ಲಿ ಒಪೆರಾ ನೋಡಿ ನೋಡಿ, ಅದನ್ನೇ ಕಲಿತು ಅದರಲ್ಲೇ ಬದುಕುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅವರಪ್ಪ ಅವಳ ಹತ್ತಿರ ಮಾತೇ ಬಿಟ್ಟಿದ್ದಾರೆ. ಇದರಲ್ಲಿ ಅನ್ನ ಹುಟ್ಟುತ್ತಾ?
– ಒಬ್ಬ ತಾಯಿ, ಸಕಲೇಶಪುರ

ಉತ್ತರ: ತಾಯಿ, ಮೊದಲು ನಿಮ್ಮ ಯಜಮಾನರ ಹತ್ತಿರ ಕೂತು ಮಾತಾಡಿ. ಅವರಿಗೆ ಸಿಟ್ಟಿಗಿಂತ ಭಯ ಜಾಸ್ತಿ ಅಂತ ನನಗನ್ನಿಸುತ್ತೆ. ಒಪೆರಾ ಅಂದ್ರೆ ಏನು ಅಂತ ಅವರಿಗೆ ಹೀಗೆ ಹೇಳಿ. ನಮ್ಮ ಕಡೆ ಕಂಪನಿ ನಾಟಕದಲ್ಲಿ ಪಾತ್ರ ಮಾಡುವವರೇ ಹಾಡುತ್ತಿದ್ದರಲ್ಲ, ಇದೂ ಅದೇ ಬಳಗದ್ದು. ಇಲ್ಲಿ ಮಾತೂ ಹೆಚ್ಚುಕಡಿಮೆ ಹಾಡಿನಲ್ಲೇ ನಡೆಯುತ್ತೆ. ರಂಗದ ಮುಂದೆ ಒಂದು ತಗ್ಗು, ಅದರಲ್ಲಿ ದೊಡ್ಡ ಆರ್ಕೆಸ್ಟ್ರಾ, ಅಂದರೆ ವಾದ್ಯಗಾರರ ದಂಡು. ಇಟಲಿಯ ಫ್ಲಾರೆನ್ಸ್ ಊರಿನಲ್ಲಿ 1600ರ ಆಸುಪಾಸು ಶುರುವಾಯಿತು. ಮಾಂಟೆವರ್ಡಿ ಅನ್ನುವ ಸಂಗೀತಗಾರನ 'ಓರ್ಫೆಯೊ' 1607ರಲ್ಲಿ ಮಾಂಟುವಾದಲ್ಲಿ ಮೊದಲು ಆಡಿದ್ದು, ಇವತ್ತಿಗೂ ಆಡುತ್ತಾರೆ. ಹೆಚ್ಚುಕಡಿಮೆ ನಾನೂರು ವರ್ಷದಿಂದ ಜನ ಟಿಕೆಟ್ ತಗೊಂಡು ನೋಡುತ್ತಿರುವ ಕೆಲಸ ಅದು. ನಿಮ್ಮ ಮಗಳ ಆಸೆ ಹುಚ್ಚಲ್ಲ.

ಈಗ ಅನ್ನದ ಮಾತು. ಮುಚ್ಚಿಡದೆ ಹೇಳುತ್ತೇನೆ. ಹುಟ್ಟುತ್ತೆ, ಆದರೆ ತಡವಾಗಿ. ಕುದುರುವವರೆಗೂ ಇನ್ನೊಂದು ಒಲೆ ಹಚ್ಚಿಟ್ಟಿರಬೇಕು.

ಗಂಟಲು ಪಿಟೀಲಿನ ಹಾಗಲ್ಲ. ಹದಿನೆಂಟಕ್ಕೆ ಮುಗಿದ ವಾದ್ಯ ಅದಲ್ಲ, ಇನ್ನೂ ಬೆಳೆಯುತ್ತಿರುತ್ತೆ. ತೆಳು ಕಂಠದವರು ಇಪ್ಪತ್ತರ ಕೊನೆಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಬಹುದು. ದಪ್ಪ, ಭಾರದ ಕಂಠದವರು ಮೂವತ್ತು ದಾಟಿದ ಮೇಲೇ ದೊಡ್ಡ ಪಾತ್ರಕ್ಕೆ ಕೈ ಹಾಕುವುದು. ಅವಸರ ಮಾಡಿ ಮುಂಚೆಯೇ ಹಾಡಿದವರು ಕಂಠ ಕಳೆದುಕೊಂಡಿದ್ದಾರೆ. ಯಾವ ಕಂಠಕ್ಕೆ ಯಾವ ಪಾತ್ರ ಅಂತ ಜರ್ಮನಿಯವರು ವಿಂಗಡಣೆ ಮಾಡಿಟ್ಟಿದ್ದಾರೆ. ಅದಕ್ಕೆ 'ಫಾಖ್' ಅನ್ನುತ್ತಾರೆ. ಸೊಪ್ರಾನೊ, ಅಂದರೆ ಹೆಂಗಸರ ತುಂಬಾ ಮೇಲಿನ ಕಂಠ, ಅಂದ ಕೂಡಲೇ ಎಲ್ಲ ಸೊಪ್ರಾನೊ ಪಾತ್ರವೂ ಅವಳದಲ್ಲ.

ಸಂಬಳದ ಕೆಲಸ ಬೇಕೆಂದರೆ ಜನ ನೋಡುವುದು ಆ ಜರ್ಮನಿಯನ್ನೇ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಒಪೆರಾ ಮನೆಗಳು ಅಲ್ಲಿ ಸುಮಾರು 80 ಇವೆ. ಬಹಳಷ್ಟು ಮನೆಗಳು ಗಾಯಕರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತವೆ. ಕೋರಸ್ಸಿನಲ್ಲಿ ಹಾಡುವವರಿಗೂ ಸಂಬಳ ಇದೆ. ಕೋರಸ್ ಅಂದ್ರೆ ಕೀಳು ಅಂತ ಅಂದುಕೊಳ್ಳಬೇಡಿ. ಅದರಲ್ಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ನೆಮ್ಮದಿಯಾಗಿ ಬದುಕಿದವರು ಎಷ್ಟೋ ಜನ. ಸಂಬಳ ಇಲ್ಲದ ಸ್ವತಂತ್ರ ಗಾಯಕರಿಗೆ ಸಾಮಾನ್ಯವಾಗಿ ಪ್ರದರ್ಶನಕ್ಕೆ ಇಷ್ಟು ಅಂತ ದುಡ್ಡು. ನೆಗಡಿ ಬಂದು ಹಾಡದೆ ಹೋದರೆ ಆ ರಾತ್ರಿಯದ್ದು ಹೋದ ಹಾಗೆ. ಅದರ ಮೇಲೆ ಪಾಠದ ಖರ್ಚು, ಭಾಷೆ ಕಲಿಯುವ ಖರ್ಚು, ಜೊತೆಗೆ ನುಡಿಸುವವರಿಗೆ ಕೊಡುವುದು, ಆಡಿಷನ್ ಅಂತ ಊರೂರು ಸುತ್ತುವುದು, ಏಜೆಂಟರ ಪಾಲು. ಈ ಲೆಕ್ಕವನ್ನು ಅಪ್ಪನ ಮುಂದೆ ಇಡಿ. ಲೆಕ್ಕ ಗೊತ್ತಿದ್ದೂ ಮಗಳು ಬೇಕು ಅಂದರೆ, ಅವರಿಗೂ ಅವಳ ಮೇಲೆ ನಂಬಿಕೆ ಬರುತ್ತೆ.

ಒಂದು ಸಂತೋಷದ ವಿಷಯ ಹೇಳಲೇಬೇಕು. ಒಪೆರಾಗೆ ಮೊದಲು ಕಲಿಯುವ ಭಾಷೆ ಇಟಾಲಿಯನ್. ಕನ್ನಡದ ಬಾಯಿಗೆ ಅದು ತುಂಬಾ ಸಲೀಸು. ಇಂಗ್ಲಿಷಿನವರು 'ಓ' ಅನ್ನುವುದನ್ನು ಕೊನೆಯಲ್ಲಿ 'ಓವ್' ಅಂತ ಎಳೆದುಬಿಡುತ್ತಾರೆ. ನಮ್ಮ ಎ, ಒ ಶುರುವಿನಿಂದ ಕೊನೆತನಕ ಒಂದೇ ಥರ ನಿಲ್ಲುತ್ತವೆ. ಇಟಾಲಿಯನ್ನಿಗೆ ಬೇಕಾದ್ದೂ ಅದೇ. ನಮ್ಮ ಹಾಗೆ ಅವರ ಪದಗಳೂ ಸ್ವರದಲ್ಲೇ ಮುಗಿಯುವುದು ಜಾಸ್ತಿ. ಅವರ ತ, ದ ನಮ್ಮವೇ, ನಾಲಿಗೆ ಹಲ್ಲಿಗೆ ತಾಗುತ್ತೆ. ಒತ್ತಕ್ಷರವಂತೂ ಕೇಳಲೇಬೇಡಿ. 'ನೊನೊ' ಅಂದರೆ ಒಂಬತ್ತನೆಯದು, 'ನೊನ್ನೊ' ಅಂದರೆ ಅಜ್ಜ. ಅಕ್ಕ, ಅಪ್ಪ, ಹತ್ತು, ಸುತ್ತು ಅಂತ ಹುಟ್ಟಿದಾಗಿಂದ ಹೇಳುವ ಹುಡುಗಿಗೆ ಇದು ಹೇಳಿಕೊಡಬೇಕಾ? ನನ್ನ ಹತ್ತಿರ ಬರುವ ಮಕ್ಕಳಿಗೆ ಇಟಾಲಿಯನ್ ಹಾಡನ್ನು ನಾನು ಕನ್ನಡ ಅಕ್ಷರದಲ್ಲೇ ಬರೆದುಕೊಡುತ್ತೇನೆ. ಜರ್ಮನ್, ಫ್ರೆಂಚ್ ಮಾತ್ರ ಬೆವರು ಸುರಿಸಿಯೇ ಕಲಿಯಬೇಕು.

ಕರ್ನಾಟಕ ಸಂಗೀತ ಕಲಿತದ್ದು ವ್ಯರ್ಥ ಆಗಲಿಲ್ಲ. ಶ್ರುತಿ, ಲಯ, ಕಿವಿ ಮೂರೂ ಸಿಕ್ಕಿವೆ. ಕಂಠದ ಕೆಲಸವನ್ನು ಮಾತ್ರ ಮೊದಲಿಂದ ಕಲಿಯಬೇಕು, ಯಾಕಂದ್ರೆ ಉಸಿರು, ಬಾಯಿ, ಗಂಟಲು ಬಳಸುವ ರೀತಿಯೇ ಬೇರೆ. ಯೂಟ್ಯೂಬ್ ನೋಡಿ ಜೋರಾಗಿ ಕೂಗುವುದನ್ನು ಇವತ್ತೇ ನಿಲ್ಲಿಸಲಿ. ಬೆಂಗಳೂರಿನಲ್ಲಿ 1987ರಲ್ಲಿ ಶುರುವಾದ ಬ್ಯಾಂಗಲೂರ್ ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಚೆನ್ನೈಯಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಒಂದು ಸಲ ಅಪ್ಪ, ಮಗಳು ಇಬ್ಬರೂ ಹೋಗಿ ನೋಡಿಕೊಂಡು ಬರಲಿ. ಡಿಗ್ರಿ ಒಂದು ಕಡೆ ನಡೆಯಲಿ, ಕಂಠ ಒಂದು ಕಡೆ ಬಲಿಯಲಿ. ಇಪ್ಪತ್ತೊಂದಕ್ಕೆ ಕೂತು ಮತ್ತೆ ಯೋಚಿಸಿ. ಈ ದಾರಿಯಲ್ಲಿ ಇಪ್ಪತ್ತೊಂದು ತಡ ಅಲ್ಲ.

ಪ್ರಶ್ನೆ: ಅಷ್ಟು ದೊಡ್ಡ ಆರ್ಕೆಸ್ಟ್ರಾ ಮುಂದೆ ಮೈಕ್ ಇಲ್ಲದೆ ಹಾಡುವುದು ಹೇಗೆ ಸಾಧ್ಯ? ನಮ್ಮಲ್ಲಿ ಗಣಪತಿ ಪೆಂಡಾಲಿನಲ್ಲೂ ನಾಲ್ಕು ಬಾಕ್ಸ್ ಬೇಕು.
– ಒಬ್ಬ ಓದುಗರು, ಹಾಸನ

ಉತ್ತರ: ಮಳೆಗಾಲದಲ್ಲಿ ಹೇಮಾವತಿ ದಂಡೆಗೆ ಹೋಗಿ ನಿಂತುಕೊಳ್ಳಿ. ನೀರು ಗುಡುಗಿದ ಹಾಗೆ ಸದ್ದು ಮಾಡುತ್ತೆ. ಆದರೂ ಎಲ್ಲೋ ಮರದಲ್ಲಿ ಕೂತ ಒಂದು ಜೀರುಂಡೆಯ ಸದ್ದು ಕಿವಿಗೆ ಬೀಳುತ್ತೆ, ಅಲ್ವಾ? ನೀರಿನದು ದಪ್ಪ ಸದ್ದು, ಜೀರುಂಡೆಯದು ಚೂಪು. ಒಂದು ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ.

ಒಪೆರಾ ಕಂಠದ ಗುಟ್ಟೂ ಹೀಗೇ. ಆರ್ಕೆಸ್ಟ್ರಾದ ಶಕ್ತಿ ಜಾಸ್ತಿ ಇರುವುದು 500 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ) ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದ ಹಾಗೆ ಅದು ಇಳಿಯುತ್ತೆ. ಪಳಗಿದ ಗಾಯಕರು ಗಂಟಲಿನ ಕೆಳಭಾಗವನ್ನು ಒಂದು ಬಗೆಯಲ್ಲಿ ಹೊಂದಿಸಿ 3000 ಹರ್ಟ್ಸ್ ಹತ್ತಿರ ಕಂಠಕ್ಕೆ ಒಂದು ಹೊಳಪು ತರುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ತೆಳು. ನಮ್ಮ ಕಿವಿಯೂ ಅಲ್ಲೇ ತುಂಬಾ ಚುರುಕು. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು. ತುಂಬಾ ಮೇಲಿನ ಸ್ವರ ಹಾಡುವ ಸೊಪ್ರಾನೊಗಳ ಉಪಾಯ ಸ್ವಲ್ಪ ಬೇರೆ. ಒಟ್ಟಿನಲ್ಲಿ ಅವರು ಕೂಗುತ್ತಿಲ್ಲ. ಕೂಗಿದರೆ ಒಂದು ವಾರವೂ ಆ ಗಂಟಲು ಬಾಳುವುದಿಲ್ಲ.

ಪ್ರಶ್ನೆ: ಟೀಚರ್, ನಾನು ಬಿಕಾಂ ಎರಡನೇ ವರ್ಷ. ಪಿಯಾನೊ ಎಂಟನೇ ಗ್ರೇಡ್ ಮುಗಿಸಿದ್ದೇನೆ. ಒಬ್ಬನೇ ವೇದಿಕೆ ಮೇಲೆ ನುಡಿಸಲು ನನಗೆ ಇಷ್ಟವಿಲ್ಲ. ಯಾರಾದರೂ ಹಾಡಿದರೆ ಅವರ ಜೊತೆ ನುಡಿಸುವುದೇ ಖುಷಿ. 'ಕೊಲಾಬರೇಟಿವ್ ಪಿಯಾನಿಸ್ಟ್' ಅನ್ನುವ ಕೆಲಸ ಇದೆಯಂತೆ. ಸ್ನೇಹಿತರು 'ಅದು ಸೈಡ್ ಪಾರ್ಟಿ ಕಣೋ' ಅಂತ ನಗುತ್ತಾರೆ. ನಿಜವಾಗಿ ಅದು ಏನು?
– ಒಬ್ಬ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಮಗೂ, ನಿನ್ನ ಕಾಗದ ನಾನು ಮೂರು ಸಲ ಓದಿದೆ. ಹತ್ತೊಂಬತ್ತರಲ್ಲಿ ನನಗೂ ಇದೇ ಮಾತು ಕೇಳಿಸಿತ್ತು.

ಆಗ ಒಂದು ಕ್ಲಬ್ಬಿನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ. ಹೊರಗಿನಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಹಾಡುವವರು. ನಾನು ಪಿಯಾನೊ. ಎರಡು ವಾರ ಸಂಜೆ ಅವರ ಜೊತೆ ಅಭ್ಯಾಸ ಮಾಡಿದ್ದೆ. ಕಾರ್ಡು ಅಚ್ಚಾಗಿ ಬಂತು. ಹಾಡುವವರ ಹೆಸರಿತ್ತು, ಊಟ ಕೊಟ್ಟವರ ಹೆಸರಿತ್ತು, ಹೂವು ಕೊಟ್ಟವರದೂ ಇತ್ತು. ನನ್ನದು ಇರಲಿಲ್ಲ. ಮನೆಗೆ ಬಂದು ಅತ್ತೆ. ಮಾರನೇ ದಿನ ಹಾಡಿನ ನಡುವೆ ಆ ಅಕ್ಕ ಎರಡನೇ ಚರಣ ಮರೆತು ನೇರ ಮೂರಕ್ಕೆ ಹಾರಿದರು. ನನ್ನ ಬಲಗೈ ಎರಡನೆಯದರ ಮೊದಲ ಸ್ವರದ ಮೇಲೆ ಇನ್ನೇನು ಇಳಿಯುತ್ತಿತ್ತು. ಅವರು ಉಸಿರು ತೆಗೆದ ರೀತಿಯಲ್ಲೇ ಗೊತ್ತಾಯಿತು. ಎರಡನೆಯದಕ್ಕೆ ಸಣ್ಣ ಉಸಿರು ಸಾಕು, ಮೂರನೆಯದು ಮೇಲೆ ಹತ್ತುವ ಸಾಲು, ಅದಕ್ಕೆ ಅವರು ಯಾವಾಗಲೂ ಭುಜದ ಕೆಳಗಿನಿಂದ ದೊಡ್ಡ ಉಸಿರು ತೆಗೆಯುತ್ತಿದ್ದರು. ಕೈ ತಾನಾಗೇ ಮೂರಕ್ಕೆ ಹೋಯಿತು. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾಯಿತು. ಚಪ್ಪಾಳೆ ಬಿದ್ದಾಗ ಬಂದು ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದರು. ಈ ಕೆಲಸ ಏನು ಅಂತ ನನಗೆ ತಿಳಿದದ್ದು ಅವತ್ತು. ಕಾರ್ಡಿನ ವಿಷಯ ಇನ್ನೂ ಮರೆತಿಲ್ಲ. ಹೆಸರು ಹಾಕಬೇಕಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹಿಂದೆ ಇದಕ್ಕೆ ಅಕಂಪನಿಸ್ಟ್ ಅನ್ನುತ್ತಿದ್ದರು. ಹಿಂದೆ ಬರುವವರು ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡುಬಿಟ್ಟಿತ್ತು. ಹಾಗಾಗಿ ಅಮೆರಿಕದಲ್ಲಿ ಕೊಲಾಬರೇಟಿವ್ ಅನ್ನುವ ಹೆಸರು ಬಂತು. ಆ ಹೆಸರು ರೂಢಿಗೆ ತಂದವರಲ್ಲಿ ಸ್ಯಾಮ್ಯುಯೆಲ್ ಸ್ಯಾಂಡರ್ಸ್ ಅನ್ನುವ ಪಿಯಾನಿಸ್ಟ್ ಮುಖ್ಯರು. ಕನ್ನಡದಲ್ಲಿ ನಾನು ಜೊತೆಗಾರ ಅಂತಲೇ ಹೇಳುತ್ತೇನೆ. ಇದಕ್ಕೆ ಪದವಿ ಇದೆ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲಿನ್ ಕೊಲ್ಡೊಫ್ಸ್ಕಿ ಅನ್ನುವ ಹೆಣ್ಣುಮಗಳು 1947ರಲ್ಲೇ ಇದನ್ನು ಪದವಿಯ ವಿಷಯ ಮಾಡಿದರು. ಅವರ ಶಿಷ್ಯ ಮಾರ್ಟಿನ್ ಕಾಟ್ಜ್ ದೊಡ್ಡ ಹೆಸರು ಮಾಡಿ, ಮುಂದೆ ಮಿಶಿಗನ್‌ನಲ್ಲಿ ತಾವೇ ಇದನ್ನು ಕಲಿಸಿದರು.

ಕೆಲಸ ಎರಡು ಬಗೆ. ಮೊದಲನೆಯದು ನಿನಗೆ ಗೊತ್ತಿರುವುದೇ, ಹೆಸರು ಮಾತ್ರ ಹೊಸದು. ಹಾಸನದ ಸುತ್ತ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರಲ್ಲ? ರಾತ್ರಿ ಊಟ ಆದ ಮೇಲೆ ಶಾಲೆ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ಡೈರಿಗೆ ಹಾಲು ಹಾಕಿ ಬಂದವನು ದುರ್ಯೋಧನ, ಗದ್ದೆಯಿಂದ ಬಂದವನು ಕೃಷ್ಣ. ಒಬ್ಬೊಬ್ಬರ ಶ್ರುತಿ ಹುಡುಕಿ, ಕಂದಪದ್ಯ ತಿದ್ದಿ, ಸಾಲು ತಪ್ಪಿದರೆ ಎಂಟು ಸಲ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ. ತಿಂಗಳುಗಟ್ಟಲೆ. ಒಪೆರಾ ಮನೆಯಲ್ಲಿ ಈ ಮೇಷ್ಟ್ರನ್ನು ರೆಪೆಟಿಟರ್ ಅನ್ನುತ್ತಾರೆ. ಅಭ್ಯಾಸದ ದಿನಗಳಲ್ಲಿ ಆರ್ಕೆಸ್ಟ್ರಾ ಇರುವುದಿಲ್ಲ. ಅಷ್ಟೂ ವಾದ್ಯಗಳ ಸಂಗೀತವನ್ನು ಹತ್ತು ಬೆರಳಿಗೆ ಇಳಿಸಿ ಇವರೇ ನುಡಿಸುತ್ತಾರೆ. ಗಾಯಕರ ಉಚ್ಚಾರಣೆ ತಿದ್ದುತ್ತಾರೆ. ಯಾರಾದರೂ ಬರದಿದ್ದರೆ ಅವರ ಪಾತ್ರವನ್ನೂ ಇವರೇ ಗೊಣಗಿಕೊಂಡು ಹಾಡಿ, ಪಿಯಾನೊವನ್ನೂ ನುಡಿಸುತ್ತಾರೆ. ಒಂದೇ ಒಂದು ವ್ಯತ್ಯಾಸ. ನಮ್ಮ ಮೇಷ್ಟ್ರು ನಾಟಕದ ರಾತ್ರಿಯೂ ರಂಗದ ಪಕ್ಕದಲ್ಲೇ ಇರುತ್ತಾರೆ. ಅಲ್ಲಿ ಪ್ರದರ್ಶನದ ದಿನ ಆರ್ಕೆಸ್ಟ್ರಾ ಬಂದು ಕೂರುತ್ತೆ, ಪಿಯಾನೊದವರು ಕತ್ತಲಲ್ಲಿ ಕೂತು ಕೇಳುತ್ತಾರೆ.

ಎರಡನೆಯದು ಕಛೇರಿ. ಅಲ್ಲಿ ಇಬ್ಬರೇ. ಒಬ್ಬರ ಕಂಠ, ಒಬ್ಬರ ಪಿಯಾನೊ. ಶೂಬರ್ಟ್ ಅನ್ನುವ ಹುಡುಗ ಹದಿನೇಳನೇ ವಯಸ್ಸಿನಲ್ಲಿ, 1814ರಲ್ಲಿ, ಜರ್ಮನ್ ಕವಿ ಗಯಟೆಯ ನಾಟಕ 'ಫೌಸ್ಟ್'ನಿಂದ ಒಂದು ಪದ್ಯ ತೆಗೆದು ಹಾಡು ಮಾಡಿದ. ಗ್ರೆಟ್‌ಶೆನ್ ಅನ್ನುವ ಹುಡುಗಿ ರಾಟೆ ಮುಂದೆ ಕೂತು ನೂಲುತ್ತಾ ತನ್ನ ಪ್ರಿಯನನ್ನು ನೆನೆಯುತ್ತಾಳೆ. ಹುಡುಗಿ ಗಾಯಕಿ. ರಾಟೆ ಪಿಯಾನೊ. ಬಲಗೈ ಬೆರಳುಗಳು ಸುತ್ತಿ ಸುತ್ತಿ ಬರುತ್ತವೆ, ಅದು ಚಕ್ರ. ಎಡಗೈ ತಟ್ಟುವುದು ಅವಳ ಕಾಲಿನ ಕೆಳಗಿನ ತುಳಿಹಲಗೆ. ನೆನಪು ಏರಿದ ಹಾಗೆ ರಾಟೆ ಜೋರಾಗುತ್ತೆ. ಅವನ ನಡಿಗೆ, ಅವನ ನಗು, ಅವನ ಕೈ ಅನ್ನುತ್ತಾ 'ಅವನ ಮುತ್ತು' ಅನ್ನುವಲ್ಲಿಗೆ ಬರುತ್ತಾಳೆ. ಅಲ್ಲಿ ರಾಟೆ ನಿಂತುಹೋಗುತ್ತೆ. ಕಾಲು ಮರೆತಿದೆ. ಪಿಯಾನೊ ಸುಮ್ಮನೆ. ಆಮೇಲೆ ಬಲಗೈ ಒಂದು ಸುತ್ತು ತಿರುಗಿ ನಿಲ್ಲುತ್ತೆ. ಮತ್ತೊಂದು ಸುತ್ತು, ಮತ್ತೆ ನಿಲ್ಲುತ್ತೆ. ಮೂರನೇ ಸಲಕ್ಕೆ ರಾಟೆ ಮತ್ತೆ ಓಡಲು ಶುರು. ಆ ಮೌನ ಎಷ್ಟು ಹೊತ್ತು? ಪುಸ್ತಕದಲ್ಲಿ ಗುರುತು ಇದೆ, ಆದರೆ ನಿಜವಾದ ಅಳತೆ ಇರುವುದು ಅವತ್ತು ನಿನ್ನ ಪಕ್ಕದಲ್ಲಿ ನಿಂತ ಹುಡುಗಿಯ ಉಸಿರಿನಲ್ಲಿ. ಆ ಜಾಗದಲ್ಲಿ ಕತೆ ಹೇಳುತ್ತಿರುವವನು ನೀನು. ಅವಳು ಬಾಯೇ ತೆರೆದಿಲ್ಲ. ಸೈಡ್ ಪಾರ್ಟಿ ಅನ್ನುವವರನ್ನು ಕೂರಿಸಿಕೊಂಡು ಈ ಒಂದು ಹಾಡು ಕೇಳಿಸು.

ಇಂಗ್ಲೆಂಡಿನಲ್ಲಿ ಜೆರಾಲ್ಡ್ ಮೂರ್ ಅಂತ ಇದ್ದರು, 1899ರಲ್ಲಿ ಹುಟ್ಟಿದವರು. ಜೀವನಪೂರ್ತಿ ಬೇರೆಯವರ ಜೊತೆಗೇ ನುಡಿಸಿದರು. 1962ರಲ್ಲಿ ಆತ್ಮಕತೆ ಬರೆದು 'ನನ್ನ ಸದ್ದು ಜಾಸ್ತಿ ಆಯ್ತಾ?' ಅನ್ನುವ ಅರ್ಥದ ಹೆಸರಿಟ್ಟರು. 1967ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಅವರ ವಿದಾಯದ ಕಛೇರಿ. ಆ ಕಾಲದ ಮೂವರು ದೊಡ್ಡ ಗಾಯಕರು, ವಿಕ್ಟೋರಿಯಾ ದೆ ಲೊಸ್ ಆಂಹೆಲೆಸ್, ಎಲಿಜಬೆತ್ ಶ್ವಾರ್ಟ್ಸ್‌ಕಾಫ್, ಡೀಟ್ರಿಶ್ ಫಿಷರ್-ಡೀಸ್ಕೌ, ಅವರಿಗೋಸ್ಕರ ಬಂದು ಹಾಡಿದರು. ಕೊನೆಗೆ ಮೂರ್ ಒಬ್ಬರೇ ಕೂತು ಶೂಬರ್ಟನ ಒಂದು ಹಾಡನ್ನು ಹಾಡುವವರಿಲ್ಲದೆ ನುಡಿಸಿದರು. ಅದನ್ನು ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತೆ.

ಹೊಟ್ಟೆಪಾಡು ನಿನಗೆ ಗಾಯಕರಿಗಿಂತ ಸ್ವಲ್ಪ ಸುಲಭ, ಪುಟ್ಟ. ಪಾಠಕ್ಕೆ ಪಿಯಾನೊದವರು ಬೇಕು, ಆಡಿಷನ್ನಿಗೆ ಬೇಕು, ಕಾಯಿರಿಗೆ ಬೇಕು, ಬ್ಯಾಲೆ ತರಗತಿಗೆ ಬೇಕು, ಪರೀಕ್ಷೆಗೆ ಹಾಡುವ ಮಕ್ಕಳಿಗೂ ಬೇಕು. ಒಬ್ಬ ಒಳ್ಳೆ ಜೊತೆಗಾರನನ್ನು ಹತ್ತು ಗಾಯಕರು ಹುಡುಕಿಕೊಂಡು ಬರುತ್ತಾರೆ. ಆದರೆ ಅದಕ್ಕೆ ಕಲಿಯಬೇಕಾದ್ದು ಬೇರೆ. ಹೊಸ ಪುಸ್ತಕ ತೆರೆದ ಕೂಡಲೇ ನಿಲ್ಲದೆ ಓದಿ ನುಡಿಸುವುದು ಮೊದಲನೆಯದು. ದಿನಾ ಒಂದು ಪುಟ, ನೀನು ನೋಡಿಯೇ ಇಲ್ಲದ್ದು, ತಪ್ಪಾದರೂ ನಿಲ್ಲದೆ ನುಡಿಸು. ಹಾಡುವವರಿಗೆ ಮೇಲಾಯಿತು ಅಂದರೆ ಅಲ್ಲೇ ಒಂದು ಸ್ವರ ಇಳಿಸಿ ನುಡಿಸಲು ಬರಬೇಕು. ಹಾಡಿನ ಪದಗಳು ಗಾಯಕರಷ್ಟೇ ನಿನಗೂ ಬಾಯಿಪಾಠ ಇರಬೇಕು, ಅರ್ಥ ಸಮೇತ. ಮತ್ತೆ ನೀನೂ ಹಾಡಬೇಕು. ಕಂಠ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ಒಂದು ಸಾಲಿಗೆ ಉಸಿರು ಎಲ್ಲಿ ಸಾಲದೆ ಹೋಗುತ್ತೆ ಅಂತ ನಿನ್ನ ಎದೆಗೆ ತಿಳಿಯಬೇಕು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಾ. ಇಬ್ಬರು ಹುಡುಗಿಯರು ಪರೀಕ್ಷೆಗೆ ಹಾಡು ತಯಾರಿ ಮಾಡುತ್ತಿದ್ದಾರೆ. ಅವರ ಜೊತೆ ಕೂತು ನೋಡು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಪಿಟೀಲು ಪಕ್ಕವಾದ್ಯಕ್ಕೂ ನೀವು ಹೇಳುವ ಪಿಯಾನೊ ಜೊತೆಗಾರಿಕೆಗೂ ಏನು ವ್ಯತ್ಯಾಸ? ನಮ್ಮ ನಾಡಿಗೆ ಇದರ ನಂಟು ಏನಾದರೂ ಇದೆಯೇ?
– ಒಬ್ಬ ಹಿರಿಯರು, ಅರಕಲಗೂಡು

ಉತ್ತರ: ಸರ್, ನೀವು ರುದ್ರಪಟ್ಟಣದ ಪಕ್ಕದಲ್ಲೇ ಇದ್ದೀರಿ. ಪಕ್ಕವಾದ್ಯದ ವಿಷಯ ನಾನು ನಿಮಗೆ ಹೇಳುವುದೇ? ಆ ಊರಿನ ಆರ್.ಕೆ. ಶ್ರೀಕಂಠನ್ ಹಾಡುಗಾರರು. ಅವರಣ್ಣ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಒಂದೇ ಮನೆಯಲ್ಲಿ ಕಂಠವೂ ಪಕ್ಕವಾದ್ಯವೂ ಇತ್ತು.

ನಮ್ಮ ಪಿಟೀಲಿನವರ ಮುಂದೆ ಪುಸ್ತಕ ಇಲ್ಲ. ಹಾಡುವವರು ಆಲಾಪನೆಯಲ್ಲಿ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಕಿವಿಯನ್ನೇ ನಂಬಿ ಹಿಂದೆಯೇ ಹೋಗುತ್ತಾರೆ. ಆಮೇಲೆ ತಮ್ಮ ಸರದಿ ಬಂದಾಗ ತಾವೂ ಅದೇ ರಾಗ ಬೆಳೆಸುತ್ತಾರೆ. ಪಿಯಾನೊದವರಿಗೆ ಎಲ್ಲ ಸ್ವರವೂ ಬರೆದಿಟ್ಟದ್ದೇ. ಒಂದನ್ನೂ ಬದಲಿಸುವ ಹಾಗಿಲ್ಲ. ಅವರ ಮನೋಧರ್ಮ ಇರುವುದು ಕಾಲದಲ್ಲಿ, ತೂಕದಲ್ಲಿ, ಬಣ್ಣದಲ್ಲಿ. ಕೂದಲೆಳೆಯಷ್ಟು ಕಾಯುವುದು, ಒಂದು ಸ್ವರವನ್ನು ಸ್ವಲ್ಪ ಮೆದುವಾಗಿ ಒತ್ತುವುದು. ಎರಡೂ ಕಡೆ ಕಿವಿಯ ಕೆಲಸ ಮಾತ್ರ ಒಂದೇ.

ನಂಟಿನ ವಿಷಯ ಕೇಳಿದ್ದಕ್ಕೆ ನಿಮಗೆ ನಮಸ್ಕಾರ. ಮೈಸೂರಿನ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ್ದು ಎಲ್ಲರಿಗೂ ಗೊತ್ತು. ಅವರು ಪಿಯಾನೊ ಕಲಿತವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅನ್ನುವ ಡಿಪ್ಲೊಮಾ ಪಡೆದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ನಿಕೊಲಾಯ್ ಮೆಡ್ಟ್ನರ್ ಅನ್ನುವ ರಷ್ಯದ ಸಂಗೀತಗಾರ ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಲಂಡನ್ನಿನಲ್ಲಿದ್ದರು. ಅವರ ಸಂಗೀತ ಉಳಿಯಬೇಕು ಅಂತ ಒಡೆಯರು ದುಡ್ಡು ಕೊಟ್ಟು ಗ್ರಾಮಫೋನ್ ತಟ್ಟೆ ಮಾಡಿಸಿದರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು (ಆರ್ಕೆಸ್ಟ್ರಾ ಜೊತೆ ನುಡಿಸುವ ಪಿಯಾನೊ ಕೃತಿ) ಒಡೆಯರಿಗೆ ಅರ್ಪಿಸಿದ್ದಾರೆ. ಆ ತಟ್ಟೆಗಳಲ್ಲಿ ಹಾಡುಗಳೂ ಇವೆ. ಮೇಲೆ ಹೇಳಿದ ಶ್ವಾರ್ಟ್ಸ್‌ಕಾಫ್ ಹಾಡುತ್ತಾರೆ, ಹಾಡು ಕಟ್ಟಿದ ಮೆಡ್ಟ್ನರ್ ತಾವೇ ಪಿಯಾನೊ ಮುಂದೆ ಜೊತೆಗಾರರಾಗಿ ಕೂತಿದ್ದಾರೆ. ಮೈಸೂರಿನ ದುಡ್ಡಿನಲ್ಲಿ ಉಳಿದ ನಾದ ಅದು.

ಇನ್ನೊಂದು ಇದೆ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಅವರು ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಿದ್ದು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಒಡೆಯರು. ಅವರಿಗೆ ಹೋಗಲು ಆಗಲಿಲ್ಲ. ಅದಕ್ಕೆ ಅಲ್ಲಿಯವರು ಧ್ವನಿಮುದ್ರಣ ಮಾಡಿಸಿ ಮೈಸೂರಿಗೆ ಕಳಿಸಿದರು. ಸೊಪ್ರಾನೊ ಕಲಿಯುವ ಪ್ರತಿಯೊಬ್ಬ ಹುಡುಗಿಯೂ ಒಂದಲ್ಲ ಒಂದು ದಿನ ಹಾಡಬೇಕು ಅಂತ ಕನಸು ಕಾಣುವ ಹಾಡುಗಳು ಅವು.

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ತಾತನ ಕಾಲದ ಪಿಯಾನೊ ಇದೆ. ಮಳೆ ಹಿಡಿದರೆ ಕೀಲಿಗಳು ಒತ್ತಿದರೆ ಏಳುವುದಿಲ್ಲ. ಏನು ಮಾಡಲಿ?
– ಒಬ್ಬ ಓದುಗರು, ಮೂಡಿಗೆರೆ

ಉತ್ತರ: ಮಲೆನಾಡಿನ ಎಲ್ಲ ಪಿಯಾನೊಗಳ ಗೋಳು ಇದು. ಕೀಲಿಯ ಮರ, ಅದರ ಕೆಳಗಿನ ಬಟ್ಟೆ ಎರಡೂ ತೇವ ಕುಡಿದು ಉಬ್ಬುತ್ತವೆ. ಕೀಲಿ ಗೂಟಕ್ಕೆ ಕಚ್ಚಿಕೊಳ್ಳುತ್ತೆ. ಕೊಬ್ಬರಿ ಎಣ್ಣೆ ಮಾತ್ರ ಹಾಕಬೇಡಿ, ಇನ್ನೂ ಕೆಡುತ್ತೆ. ಹೊರಗೋಡೆಗೆ ತಾಗಿಸಿ ಇಟ್ಟಿದ್ದರೆ ಒಳಗೋಡೆಗೆ ತನ್ನಿ. ಕೆಳಗಿನ ಹಲಗೆ ತೆಗೆದು, ಮರಕ್ಕೆ ಬಟ್ಟೆಗೆ ತಾಗದ ಹಾಗೆ 25 ವಾಟಿನ ಒಂದು ಬಲ್ಬ್ ಹಚ್ಚಿಡಿ. ಹಳೇ ಕಾಲದ ಬಿಸಿಯಾಗುವ ಬಲ್ಬೇ ಆಗಬೇಕು, ಎಲ್‌ಇಡಿಯಿಂದ ಉಪಯೋಗ ಇಲ್ಲ. ಟ್ಯೂನಿಂಗ್ ಮಳೆಗಾಲದಲ್ಲಿ ಮಾಡಿಸಬೇಡಿ. ತೇವಕ್ಕೆ ಹಲಗೆ ಉಬ್ಬಿ ಶ್ರುತಿ ಮೇಲೇರಿರುತ್ತೆ. ದೀಪಾವಳಿ ಕಳೆದು ಹವಾ ಒಣಗಿದ ಮೇಲೆ ಬೆಂಗಳೂರಿನಿಂದ ಜನ ಕರೆಸಿ.

ಪ್ರಶ್ನೆ: ನಾನು ಹಾಡುತ್ತೇನೆ. ನಮ್ಮ ಮನೆಯವರು ಕೀಬೋರ್ಡ್ ನುಡಿಸುತ್ತಾರೆ. ಮದುವೆ, ನಾಮಕರಣ, ಚರ್ಚಿನ ಹಬ್ಬಕ್ಕೆ ಕರೆಯುತ್ತಾರೆ. ಪ್ರಾಕ್ಟೀಸಿಗೆ ಕೂತರೆ ಸಾಕು, ಜಗಳ. ನಾನು ಲಯ ಬಿಡುತ್ತೇನೆ ಅಂತ ಅವರು, ಅವರು ಓಡುತ್ತಾರೆ ಅಂತ ನಾನು.
– ಒಬ್ಬ ಗೃಹಿಣಿ, ಬೇಲೂರು

ಉತ್ತರ: ತಂಗೀ, ಮುಂಬೈಯಲ್ಲಿ ಹುಟ್ಟಿದ ಪ್ಯಾಟ್ರಿಷಿಯಾ ರೊಜಾರಿಯೊ ಅಂತ ಸೊಪ್ರಾನೊ ಇದ್ದಾರೆ. ಲಂಡನ್ನಿಗೆ ಹೋಗಿ ಗಿಲ್ಡ್‌ಹಾಲಿನಲ್ಲಿ ಕಲಿತು ದೊಡ್ಡ ಹೆಸರು ಮಾಡಿದರು. ಜಾನ್ ಟ್ಯಾವೆನರ್ ಅನ್ನುವ ಸಂಗೀತಗಾರರು ಅವರ ಕಂಠಕ್ಕೆ ಅಂತಲೇ ಎಷ್ಟೋ ಕೃತಿ ಬರೆದಿದ್ದಾರೆ. ಅವರ ಪತಿ ಮಾರ್ಕ್ ಟ್ರೂಪ್ ಪಿಯಾನೊ ಜೊತೆಗಾರರು. ಗಂಡ ಹೆಂಡತಿ ಸೇರಿ 2009ರಿಂದ 'ಗಿವಿಂಗ್ ವಾಯ್ಸ್ ಟು ಇಂಡಿಯಾ' ಅಂತ ಶುರು ಮಾಡಿ, ಭಾರತಕ್ಕೆ ಬಂದು ಇಲ್ಲಿನ ಹುಡುಗ ಹುಡುಗಿಯರಿಗೆ ಈ ಹಾಡುಗಾರಿಕೆ ಕಲಿಸುತ್ತಿದ್ದಾರೆ. ಒಬ್ಬರು ಕಂಠ ತಿದ್ದುತ್ತಾರೆ, ಒಬ್ಬರು ಪಿಯಾನೊ ಮುಂದೆ. ಅಂದರೆ ಒಂದೇ ಮನೆಯಲ್ಲಿ ಇದು ಸಾಧ್ಯ.

ನಿಮ್ಮ ಜಗಳಕ್ಕೆ ಕಾರಣ ನನಗೆ ಕಾಗದದಲ್ಲೇ ಕಾಣಿಸಿತು. ಕೀಬೋರ್ಡಿನಲ್ಲಿ ರಿದಂ ಹಾಕಿಕೊಂಡು ನುಡಿಸುತ್ತಾರೆ, ಅಲ್ವಾ? ಆ ಯಂತ್ರಕ್ಕೆ ಉಸಿರಿಲ್ಲ. ನಿಮಗೆ ಸಾಲಿನ ಕೊನೆಯಲ್ಲಿ ಅರ್ಧ ಕ್ಷಣ ಬೇಕು, ಅದು ಕೊಡುವುದಿಲ್ಲ. ಅವರ ಕೈಯೂ ಯಂತ್ರದ ಹಿಂದೆಯೇ ಹೋಗುತ್ತೆ. ನೀವಿಬ್ಬರೂ ಜಗಳ ಆಡುತ್ತಿರುವುದು ಆ ಬಟನ್ ಜೊತೆ.

ಒಂದು ವಾರ ರಿದಂ ಆಫ್ ಮಾಡಿ. ಮೊದಲ ಎರಡು ದಿನ ಹಾಡಲೇಬೇಡಿ. ಇಬ್ಬರೂ ಹಾಡಿನ ಸಾಹಿತ್ಯವನ್ನು ಒಟ್ಟಿಗೆ ಜೋರಾಗಿ ಓದಿ, ಒಂದೇ ಕಡೆ ಉಸಿರು ತೆಗೆಯಿರಿ. ಅವರ ಪುಸ್ತಕದಲ್ಲಿ ಆ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಒಂದು ಅಲ್ಪವಿರಾಮ ಹಾಕಿ. ಮೂರನೇ ದಿನ ಅವರು ಕೀಬೋರ್ಡ್ ಬದಿಗಿಟ್ಟು ನಿಮ್ಮ ಜೊತೆ ಹಾಡಲಿ, ಹೇಗೆ ಬಂದರೂ ಸರಿ. ನಾಲ್ಕನೇ ದಿನ ಕೀಬೋರ್ಡನ್ನು ತಿರುಗಿಸಿ ಇಡಿ. ಈಗ ನೀವು ಅವರ ಬೆನ್ನಿಗೆ ಹಾಡುತ್ತಿದ್ದೀರಿ ಅಂತ ಕಾಣುತ್ತೆ. ಅವರಿಗೆ ನಿಮ್ಮ ಮುಖ ಅಲ್ಲದಿದ್ದರೂ ಭುಜವಾದರೂ ಕಾಣಬೇಕು. ಕೊನೆಗೆ, ಮುಂದಿನ ಕಾರ್ಯಕ್ರಮದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಂದು ಸಲ ತರಿಸಿಕೊಂಡು ನೋಡಿ. ನಿಮ್ಮ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, ಅವರ ಹೆಸರು ಇದೆಯಾ ಅಂತ. ಇಲ್ಲದಿದ್ದರೆ ನೀವೇ ಫೋನ್ ಮಾಡಿ ಹಾಕಿಸಿ.